ಹಾಡಿಗೆ ಓಗೊಡುವ ಹಾಡು

ದೊಡ್ಡ ಮರದ ದಿಮ್ಮಿಯೊಂದನ್ನು ಎಂಟು ಜನ ಸೇರಿ ಲಾರಿಗೆ ಏರಿಸುವುದನ್ನು ವಾಚಕರು ಎಂದಾದರೂ ನಿಂತು ನೋಡಿರಬಹುದು. ಹಗ್ಗ ಬಿಗಿದು, ಸನ್ನೆಗೋಲು ಕೊಟ್ಟು, ಎಲ್ಲರೂ ಕೈಹಚ್ಚಿ ನಿಂತ ಮೇಲೆ ಅವರಲ್ಲೊಬ್ಬನು ಏನನ್ನೋ ರಾಗವೆಳೆದು ಕೂಗುವನು. ಅವನ ಕೂಗು ಮುಗಿಯುವುದೇ ತಡ, ಉಳಿದವರೆಲ್ಲರೂ ‘ಐಸಾ’ ಎಂದು ಒಕ್ಕೊರಲಿನಿಂದ ಓಗೊಟ್ಟು ಎಳೆಯುವರು. ದಿಮ್ಮಿ ಒಂದು ಗೇಣು ಮೇಲಕ್ಕೆ ಸರಿಯುವುದು. ಮತ್ತೆ ಒಬ್ಬನ ಕೂಗು, ಮತ್ತೆ ಹಲವರ ‘ಐಸಾ’, ಮತ್ತೊಂದು ಗೇಣು. ಮುಂದಾಳಿನ ಕೂಗಿಗೆ ದೊಡ್ಡ ಅರ್ಥವಿರಬೇಕೆಂಬ ನಿಯಮವಿಲ್ಲ. ಅದರಲ್ಲಿ ದೇವರ ಹೆಸರಿರಬಹುದು, ಮೇಸ್ತ್ರಿಯ ಜಿಪುಣತನವನ್ನು ಕುರಿತ ಹಾಸ್ಯವಿರಬಹುದು. ಆದರೆ ಆ ಕೂಗನ್ನು ನಿಲ್ಲಿಸಿ ಸುಮ್ಮನೆ ಎಳೆಯಹೇಳಿದರೆ, ಅದೇ ಎಂಟು ಜನರ ಕೈಯಲ್ಲಿ ಅದೇ ದಿಮ್ಮಿ ಅಲುಗದೆ ಹೋಗುವುದುಂಟು.

ಕೂಗಿಗೆ ತೋಳಿಲ್ಲ, ಅದು ಹಗ್ಗವನ್ನು ಹಿಡಿಯುವುದಿಲ್ಲ. ಹಾಗಿದ್ದೂ ಅದು ಭಾರವನ್ನು ಎತ್ತಲು ನೆರವಾಗುವುದು ಹೇಗೆ? ಒಬ್ಬರು ಕರೆದು ಹಲವರು ಓಗೊಡುವ ಈ ಕ್ರಮ ಜಗತ್ತಿನ ಅನೇಕ ಜನಾಂಗಗಳ ಜನಪದ ಸಂಗೀತದಲ್ಲಿ ಕಾಣಬರುವುದೇಕೆ? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ಭೌತವಿಜ್ಞಾನ, ಶರೀರವಿಜ್ಞಾನ, ಮನೋವಿಜ್ಞಾನ ಈ ಮೂರರ ಬಾಗಿಲನ್ನೂ ನಾವು ತಟ್ಟಬೇಕಾಗುವುದು.

ಓಗೊಡುವ ಮೂರು ಬಗೆ

ನಮ್ಮ ನಾಡಿನವರಿಗೆ ಈ ಕ್ರಮ ಹೊಸದಲ್ಲ. ‘ಹಿಮ್ಮೇಳ’ ಎಂಬ ಮಾತು ನಮ್ಮ ದಿನಬಳಕೆಯಲ್ಲಿ ಸೇರಿಹೋಗಿರುವುದೇ ಇದಕ್ಕೆ ಸಾಕ್ಷಿ. ಆದರೆ ಹಿಮ್ಮೇಳವು ಓಗೊಡುವ ರೀತಿ ಎಲ್ಲೆಡೆಯೂ ಒಂದೇ ಅಲ್ಲ. ಸ್ಥೂಲವಾಗಿ ಅದರಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು, ಹೇಳಿದುದನ್ನೇ ಮರಳಿ ಹೇಳುವುದು. ಮದುವೆಯ ಮನೆಯಲ್ಲಿ ಸೋಬಾನೆ ಹಾಡುವ ಹೆಂಗಸರು ಹೀಗೆ ಮಾಡುವರು. ಹಿರಿಯಳೊಬ್ಬಳು ಒಂದು ಸಾಲನ್ನು ಎತ್ತಿಕೊಡುವಳು; ಉಳಿದವರು ಅದನ್ನೇ ಹಿಡಿದು ಹಾಡುವರು. ಅವರು ಹಾಡಿ ಮುಗಿಸುವಷ್ಟರಲ್ಲಿ ಆಕೆ ಮುಂದಿನ ಸಾಲಿಗೆ ಸಿದ್ಧಳಾಗಿರುವಳು. ಎರಡನೆಯದು, ಮುಂದಾಳು ಏನನ್ನೇ ಹಾಡಲಿ, ಹಿಂದಿನವರು ಒಂದೇ ಗೊತ್ತಾದ ಸೊಲ್ಲನ್ನು ಹಾಡುವುದು. ಉತ್ತರ ಕರ್ನಾಟಕದ ಗೀಗೀ ಮೇಳದಲ್ಲಿ ದಪ್ಪು ಹಿಡಿದ ಮುಖ್ಯ ಗಾಯಕನು ಕಥೆಯನ್ನು ನಡೆಸಿದರೆ, ತುಂತುಣಿ ಮತ್ತು ತಾಳ ಹಿಡಿದವರು ಗೀ ಎಂಬ ಸೊಲ್ಲನ್ನು ಎಳೆದು ಹಾಡುವರು. ಆ ಹಾಡಿನ ಪ್ರಕಾರಕ್ಕೆ ಹೆಸರು ಬಂದಿರುವುದೇ ಆ ಸೊಲ್ಲಿನಿಂದ. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರಲ್ಲಿಯೂ, ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ಕಂಸಾಳೆಯವರಲ್ಲಿಯೂ ಮುಂದೆ ನಡೆಸುವವನು ಒಬ್ಬ, ಸೊಲ್ಲು ಹಿಡಿಯುವವರು ಬೇರೆ. ಮೂರನೆಯದು, ಪ್ರಶ್ನೆಗೆ ನಿಜವಾಗಿಯೂ ಉತ್ತರವನ್ನು ಕೊಡುವುದು. ಹರದೇಶಿ–ನಾಗೇಶಿ ಮೇಳಗಳಲ್ಲಿ ಒಂದು ಪಕ್ಷದವರು ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಪಕ್ಷದವರು ಹೆಣ್ಣು ಹೆಚ್ಚೆಂದು ಹಾಡಿನಲ್ಲಿಯೇ ಮಾರುತ್ತರ ಕೊಡುವರು. ಇಲ್ಲಿ ಓಗೊಡುವುದು ಒಂದು ಸ್ಪರ್ಧೆಯೇ ಆಗಿಬಿಡುವುದು.

ಈ ಮೂರರಲ್ಲಿಯೂ ಸಮಾನವಾದುದು ಒಂದೇ: ಧ್ವನಿಯ ಸರದಿ. ಒಂದು ಕಡೆಯವರು ಹಾಡುವಾಗ ಇನ್ನೊಂದು ಕಡೆಯವರು ಕೇಳುತ್ತಿರುವರು. ಅನಂತರ ಕೇಳಿದವರು ಹಾಡುವರು, ಹಾಡಿದವರು ಕೇಳುವರು. ಈ ಸರದಿಯೊಳಗೆಯೇ ಎಲ್ಲ ಗುಟ್ಟೂ ಅಡಗಿದೆ.

ಎಂಟು ಜನರು ನಾಲ್ವರಾಗುವ ಲೆಕ್ಕ

ಮೊದಲು ದಿಮ್ಮಿಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ನೆಲದ ಮೇಲೆ ಬಿದ್ದಿರುವ ವಸ್ತುವನ್ನು ಎಳೆಯುವಾಗ ಘರ್ಷಣೆಯು ಎದುರಾಗುವುದೆಂದು ಶಾಲೆಯಲ್ಲಿ ಓದಿರುವಿರಿ. ನಿಂತ ವಸ್ತುವನ್ನು ಕದಲಿಸಲು ಬೇಕಾಗುವ ಬಲವು ಕದಲಿದ ವಸ್ತುವನ್ನು ಸಾಗಿಸಲು ಬೇಕಾಗುವ ಬಲಕ್ಕಿಂತ ಸಾಮಾನ್ಯವಾಗಿ ಹೆಚ್ಚು. ನಮ್ಮ ದಿಮ್ಮಿಯನ್ನು ಕದಲಿಸಲು 350 ಕಿಲೋಗ್ರಾಂ ತೂಕಕ್ಕೆ ಸಮನಾದ ಎಳೆತ ಬೇಕೆಂದು ಭಾವಿಸೋಣ. ಎಂಟು ಜನರಲ್ಲಿ ಒಬ್ಬೊಬ್ಬನೂ 50 ಕಿಲೋಗ್ರಾಂನಷ್ಟು ಎಳೆಯಬಲ್ಲನಾದರೆ ಒಟ್ಟು ಎಳೆತ 400. ದಿಮ್ಮಿ ಕದಲಬೇಕು. ಆದರೆ ಇಬ್ಬರು ಅರ್ಧ ಸೆಕೆಂಡು ತಡಮಾಡಿದರೆಂದು ಇಟ್ಟುಕೊಳ್ಳಿ. ಮೊದಲ ಕ್ಷಣದಲ್ಲಿ ಎಳೆತ 300 ಮಾತ್ರ, ದಿಮ್ಮಿ ಕದಲುವುದಿಲ್ಲ. ಆ ಇಬ್ಬರು ಎಳೆಯುವ ಹೊತ್ತಿಗೆ ಮೊದಲಿನವರಲ್ಲಿ ಕೆಲವರ ಬಿಗಿ ಸಡಿಲಿರುವುದು, ಆಗಲೂ ಕದಲುವುದಿಲ್ಲ. ಎಂಟು ಜನರೂ ತಮ್ಮ ಪೂರ್ತಿ ಶಕ್ತಿಯನ್ನು ವ್ಯಯಮಾಡಿದ್ದಾರೆ, ಆದರೆ ವಿಜ್ಞಾನದ ಭಾಷೆಯಲ್ಲಿ ನಡೆದ ಕೆಲಸ ಸೊನ್ನೆ. ವ್ಯಯವಾದ ಶಕ್ತಿಯೆಲ್ಲವೂ ಸ್ನಾಯುಗಳ ಬಿಸಿಯಾಗಿ, ಬೆವರಾಗಿ ಹರಿದುಹೋಯಿತು.

ಇದು ಕೇವಲ ಊಹೆಯ ಲೆಕ್ಕವಲ್ಲ. ಫ್ರಾನ್ಸಿನ ಕೃಷಿಯಂತ್ರಶಾಸ್ತ್ರಜ್ಞ ಮ್ಯಾಕ್ಸ್ ರಿಂಗೆಲ್‌ಮನ್ ಎಂಬಾತನು 1880ರ ದಶಕದಲ್ಲಿಯೇ ಮನುಷ್ಯರ ಎಳೆತವನ್ನು ಬಲಮಾಪಕದಿಂದ ಅಳೆದು ನೋಡಿದನು. ಆತನು ತನ್ನ ಫಲಿತಾಂಶಗಳನ್ನು ಪ್ರಕಟಿಸಿದುದು 1913ರಲ್ಲಿ. ಒಬ್ಬನೇ ದುಡಿಯುವಾಗ ಅವನ ಸಾಮರ್ಥ್ಯವನ್ನು ಶೇಕಡ 100 ಎಂದು ಹಿಡಿದರೆ, ಇಬ್ಬರು ಸೇರಿದಾಗ ತಲೆಗೆ ಶೇಕಡ 93, ಮೂವರು ಸೇರಿದಾಗ 85, ಎಂಟು ಜನ ಸೇರಿದಾಗ ಕೇವಲ 49 ಎಂದು ಆತನ ಪಟ್ಟಿ ಹೇಳುವುದು. ಎಂಟನ್ನು 49ರಿಂದ ಗುಣಿಸಿ ನೋಡಿ: ಎಂಟು ಜನ ಸೇರಿ ನಡೆಸುವ ಕೆಲಸವು ನಾಲ್ವರ ಕೆಲಸಕ್ಕಿಂತ ಸ್ವಲ್ಪ ಕಡಮೆಯೇ! ಉಳಿದ ನಾಲ್ವರ ಬಲ ಎಲ್ಲಿ ಹೋಯಿತು? ಎಲ್ಲರೂ ಏಕಕಾಲಕ್ಕೆ ಎಳೆಯದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ರಿಂಗೆಲ್‌ಮನ್ ಭಾವಿಸಿದನು. ಆದರೆ ಅದೊಂದೇ ಕಾರಣವಲ್ಲವೆಂದು 1974ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು ತೋರಿಸಿತು. ಅಲ್ಲಿ ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಇತರರೂ ಎಳೆಯುತ್ತಿರುವರೆಂದು ನಂಬಿಸಿ ಹಗ್ಗ ಎಳೆಯಿಸಿದರು. ನಿಜವಾಗಿ ಎಳೆಯುತ್ತಿದ್ದವನು ಅವನೊಬ್ಬನೇ. ಹಾಗಿದ್ದರೂ ಅವನ ಎಳೆತ ಕುಗ್ಗಿತು. ಹತ್ತಾರು ಕೈಗಳ ನಡುವೆ ತನ್ನದೊಂದು ಕೈ ಸಡಿಲವಾದರೆ ಯಾರಿಗೆ ತಿಳಿದೀತು ಎಂಬ ಭಾವ ನಮಗರಿವಿಲ್ಲದೆಯೇ ಮನಸ್ಸಿನಲ್ಲಿ ಸುಳಿಯುವುದು.

ಓಗೊಡುವ ಹಾಡು ಈ ಎರಡು ನಷ್ಟಗಳಿಗೂ ಮದ್ದಾಗಬಲ್ಲುದು. ಅದು ಎಲ್ಲರ ಎಳೆತವನ್ನು ಒಂದೇ ಕ್ಷಣಕ್ಕೆ ತಂದು ಸೇರಿಸುವುದು. ಅಷ್ಟೇ ಅಲ್ಲದೆ, ಓಗೊಡುವವನ ಧ್ವನಿಯನ್ನು ಪಕ್ಕದವನು ಕೇಳುವುದರಿಂದ ಯಾರೂ ತಾನು ಕಾಣೆಯಾಗಿರುವೆನೆಂದು ಭಾವಿಸುವಂತಿಲ್ಲ.

ಹಡಗಿನ ಹಗ್ಗ

ಈ ತಂತ್ರವನ್ನು ಒಂದು ಶಾಸ್ತ್ರದಂತೆ ಬೆಳೆಸಿದವರು ಹತ್ತೊಂಬತ್ತನೆಯ ಶತಮಾನದ ಹಾಯಿಹಡಗುಗಳ ನಾವಿಕರು. ಇಂಗ್ಲಿಷ್ ಮಾತನಾಡುವ ವ್ಯಾಪಾರಿ ಹಡಗುಗಳಲ್ಲಿ ಅವರು ಹಾಡುತ್ತಿದ್ದ ದುಡಿಮೆಯ ಹಾಡುಗಳಿಗೆ ‘ಶಾಂಟಿ’ ಎಂದು ಹೆಸರು. ಹಾಡನ್ನು ನಡೆಸುವವನು ಶಾಂಟಿಮನ್. ವ್ಯಾಪಾರಿ ಹಡಗಿನಲ್ಲಿ ಆಳುಗಳು ಕಡಮೆ. ಕೂಲಿ ಉಳಿಸುವ ಆಸೆ ಮಾಲೀಕನಿಗೆ ಹೆಚ್ಚು. ಆದುದರಿಂದ ಇರುವ ಆಳುಗಳ ಬಲದಲ್ಲಿ ಒಂದಿಷ್ಟೂ ಸೋರಿಹೋಗುವಂತಿರಲಿಲ್ಲ. ಬ್ರಿಟಿಷ್ ಯುದ್ಧನೌಕೆಗಳಲ್ಲಿಯಾದರೋ ಆಳುಗಳು ಹೇರಳ. ಅಲ್ಲಿ ಇಂತಹ ಹಾಡಿಗೆ ಅವಕಾಶವಿರಲಿಲ್ಲ, ಕೆಲಸವೆಲ್ಲ ಸೀಟಿಯ ಅಪ್ಪಣೆಯಂತೆ ನಡೆಯುತ್ತಿತ್ತು. ಒಳ್ಳೆಯ ಹಾಡೊಂದು ಹಗ್ಗದ ಮೇಲೆ ಹತ್ತಾಳಿಗೆ ಸಮ ಎಂಬರ್ಥದ ಗಾದೆಯೇ ನಾವಿಕರಲ್ಲಿ ಇದ್ದಿತು. ರಿಂಗೆಲ್‌ಮನ್ನನ ಪಟ್ಟಿಯನ್ನು ನೋಡಿದವರಿಗೆ ಇದು ಬರಿಯ ಉತ್ಪ್ರೇಕ್ಷೆಯೆಂದು ತೋರಲಾರದು.

ಕೆಲಸಕ್ಕೆ ತಕ್ಕಂತೆ ಹಾಡಿನ ಕಟ್ಟು ಬದಲಾಗುತ್ತಿದ್ದುದು ಇಲ್ಲಿ ಗಮನಿಸಬೇಕಾದ ಸಂಗತಿ. ಹಾಯಿಯನ್ನು ಹೊತ್ತ ಭಾರವಾದ ಅಡ್ಡಮರವನ್ನು ಮೇಲಕ್ಕೆ ಏರಿಸುವುದು ದೀರ್ಘವಾದ, ಬಿಟ್ಟುಬಿಟ್ಟು ಎಳೆಯಬೇಕಾದ ಕೆಲಸ. ಅದಕ್ಕಾಗಿ ಹಾಡುವಾಗ ಶಾಂಟಿಮನ್ ಒಂದು ಸಾಲನ್ನು ಒಬ್ಬನೇ ಹಾಡುವನು. ಆ ವೇಳೆಯಲ್ಲಿ ಉಳಿದವರು ಎಳೆಯುವುದಿಲ್ಲ, ಕೈ ಬದಲಿಸಿ ಹಗ್ಗವನ್ನು ಮುಂದಕ್ಕೆ ಹಿಡಿದು ಉಸಿರು ತುಂಬಿಕೊಳ್ಳುವರು. ಅನಂತರ ಎಲ್ಲರೂ ಸೊಲ್ಲನ್ನು ಹಾಡುವರು. ಆ ಸೊಲ್ಲಿನಲ್ಲಿ ಗೊತ್ತಾದ ಎರಡು ಒತ್ತಕ್ಷರಗಳ ಮೇಲೆ ಎರಡು ಎಳೆತ. ಹೀಗೆ ಕರೆಯು ವಿಶ್ರಾಂತಿಯ ಕಾಲ, ಓಗೊಡುವುದು ದುಡಿಮೆಯ ಕಾಲ. ಒಂದೇ ಜಗ್ಗಿಗೆ ಮುಗಿಯುವ ಚಿಕ್ಕ ಕೆಲಸವಾದರೆ ಸೊಲ್ಲಿನ ಕೊನೆಯ ಮಾತಿನ ಮೇಲೆ ಒಂದೇ ಎಳೆತ. ಲಂಗರನ್ನು ಎತ್ತಲು ರಾಟೆಯ ಸುತ್ತ ತಳ್ಳುತ್ತ ನಡೆಯುವಾಗ ಎಳೆತದ ಗೊಡವೆಯಿಲ್ಲ. ಅಲ್ಲಿ ಬೇಕಾದುದು ಹೆಜ್ಜೆಗೆ ಹೊಂದುವ, ತಡೆಯಿಲ್ಲದೆ ಸಾಗುವ ನಡಿಗೆಯ ಹಾಡು. ಕೆಲಸ ಮುಗಿಯುವವರೆಗೂ ಹಾಡು ಮುಗಿಯಬಾರದು. ಕೆಲಸ ಮುಗಿದ ಕ್ಷಣವೇ ಹಾಡು ನಿಲ್ಲಬೇಕು. ಆದ್ದರಿಂದ ಶಾಂಟಿಮನ್ ಸಾಲುಗಳನ್ನು ಆಗಿಂದಾಗಲೇ ಹೆಣೆಯಬಲ್ಲವನಾಗಿರಬೇಕಾಗಿತ್ತು.

ಈ ಹಾಡುಗಳಲ್ಲಿ ಎಲ್ಲವೂ ಯೂರೋಪಿನ ಸ್ವತ್ತಲ್ಲ. ಅಮೆರಿಕದ ದಕ್ಷಿಣದ ಬಂದರುಗಳಲ್ಲಿ ನೀಗ್ರೋ ಕೂಲಿಗಳೆಂದು ಅಂದು ಕರೆಯಲ್ಪಡುತ್ತಿದ್ದ ಆಫ್ರಿಕ ಮೂಲದ ಶ್ರಮಿಕರು ಹತ್ತಿಯ ಹೊರೆಗಳನ್ನು ಹಡಗಿನ ಒಡಲಿಗೆ ತಿರುಪಿನ ಯಂತ್ರದಿಂದ ಅಡಕುತ್ತ ಹಾಡುತ್ತಿದ್ದರು. ಅವರಿಂದ ನಾವಿಕರು ಅನೇಕ ಹಾಡುಗಳನ್ನೂ, ಹಾಡುವ ರೀತಿಯನ್ನೂ ಕಲಿತರು. ಉಗಿಹಡಗುಗಳು ಬಂದು ಹಗ್ಗ ಎಳೆಯುವ ಕೆಲಸವು ಯಂತ್ರಕ್ಕೆ ಸೇರಿದ ಮೇಲೆ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಶಾಂಟಿಗಳು ಕಡಲಿನಿಂದ ಮರೆಯಾದವು.

ಮುಂಚಿತವಾಗಿ ಕೇಳುವ ಕಿವಿ

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಏಕಕಾಲಕ್ಕೆ ಎಳೆಯುವುದಷ್ಟೇ ಬೇಕಾದರೆ ಮೇಲ್ವಿಚಾರಕನೊಬ್ಬನು ‘ಎಳೆಯಿರಿ’ ಎಂದು ಅಪ್ಪಣೆ ಮಾಡಿದರೆ ಸಾಲದೆ? ಹಾಡೇಕೆ?

ಸಾಲದು. ಶಬ್ದ ಕಿವಿಗೆ ಬಿದ್ದ ಮೇಲೆ ಕೈ ಚಲಿಸಲು ಸುಮಾರು 0.15 ಸೆಕೆಂಡು ಬೇಕು. ಈ ಅವಧಿ ಎಲ್ಲರಿಗೂ ಒಂದೇ ಅಲ್ಲ. ದಣಿದವನಿಗೆ, ಗಮನ ಚೆದುರಿದವನಿಗೆ ಅದು ಇನ್ನೂ ಹೆಚ್ಚು. ಆದುದರಿಂದ ಅಪ್ಪಣೆಯನ್ನು ಕೇಳಿ ಎಳೆಯುವ ಎಂಟು ಜನರು ಎಂಟು ಬೇರೆ ಬೇರೆ ಕ್ಷಣಗಳಲ್ಲಿ ಎಳೆಯುವರು. ಆದರೆ ಲಯಬದ್ಧವಾದ ಶಬ್ದದ ವಿಷಯವೇ ಬೇರೆ. ಗಡಿಯಾರದಂತೆ ಸಮನಾಗಿ ಬಡಿಯುವ ತಾಳಕ್ಕೆ ಸರಿಯಾಗಿ ಬೆರಳಿನಿಂದ ಮೇಜನ್ನು ತಟ್ಟಲು ಹೇಳಿ ಮನೋವಿಜ್ಞಾನಿಗಳು ಅನೇಕ ಪ್ರಯೋಗಗಳನ್ನು ನಡೆಸಿದ್ದಾರೆ. ಆಗ ಕಂಡುಬರುವ ಸೋಜಿಗವೇನೆಂದರೆ, ಬಹುಮಂದಿಯ ಬೆರಳು ತಾಳಕ್ಕಿಂತ ತಡವಾಗಿ ಬೀಳುವುದಿಲ್ಲ. ಸೆಕೆಂಡಿನ ನೂರರಲ್ಲಿ ಕೆಲವು ಪಾಲಿನಷ್ಟು ಮುಂಚಿತವಾಗಿಯೇ ಬೀಳುವುದು! ಎಂದರೆ ಮಿದುಳು ಶಬ್ದಕ್ಕಾಗಿ ಕಾಯುವುದಿಲ್ಲ. ಅದು ಹಿಂದಿನ ಪೆಟ್ಟುಗಳ ಅಂತರವನ್ನು ಅಳೆದುಕೊಂಡು ಮುಂದಿನ ಪೆಟ್ಟು ಎಲ್ಲಿ ಬೀಳುವುದೆಂದು ಮೊದಲೇ ನಿರ್ಣಯಿಸಿ, ಕೈಗೆ ಆಜ್ಞೆಯನ್ನು ಕಳುಹಿಸಿರುವುದು.

ಮುಂದಾಳಿನ ಕರೆಯ ಗುಟ್ಟು ಇದೇ. ಅದು ಅಪ್ಪಣೆಯಲ್ಲ, ಅಳತೆ. ರಾಗವೆಳೆದು ಹಾಡಿದ ಸಾಲು ಎಲ್ಲಿ ತಿರುಗಿ ಎಲ್ಲಿ ಇಳಿಯುವುದೆಂಬುದನ್ನು ಕೇಳುವವರೆಲ್ಲರೂ ಒಳಗೊಳಗೇ ಎಣಿಸುತ್ತಿರುವರು. ಸಾಲು ಮುಗಿಯುವ ಕ್ಷಣ ಅವರಿಗೆ ಮೊದಲೇ ಗೊತ್ತು. ಆದುದರಿಂದಲೇ ಓಗೊಡುವ ಧ್ವನಿಗಳು ಚೆದುರದೆ ಒಂದೇ ಧ್ವನಿಯಾಗಿ ಏಳುವುವು, ಅದರೊಡನೆ ತೋಳುಗಳೂ.

ನಮ್ಮ ಸಾಮಾನ್ಯ ಸಂಭಾಷಣೆಯಲ್ಲಿಯೂ ಈ ಶಕ್ತಿಯನ್ನು ಬಳಸುತ್ತೇವೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಗತ್ತಿನ ಹತ್ತು ಭಾಷೆಗಳ ಮಾತುಕತೆಗಳನ್ನು ಪರೀಕ್ಷಿಸಿದಾಗ, ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವಣ ಬಿಡುವು ಸರಾಸರಿ 0.2 ಸೆಕೆಂಡು ಮಾತ್ರವೆಂದು ತಿಳಿದುಬಂದಿತು. ಒಂದು ಚಿತ್ರವನ್ನು ನೋಡಿ ಅದರ ಹೆಸರು ಹೇಳುವುದಕ್ಕೇ ಸುಮಾರು 0.6 ಸೆಕೆಂಡು ಬೇಕಾಗುವಾಗ ಇದು ಹೇಗೆ ಸಾಧ್ಯ? ಎದುರಿನವರ ಮಾತು ಮುಗಿಯುವ ಮೊದಲೇ ನಾವು ಉತ್ತರವನ್ನು ಸಿದ್ಧಮಾಡಿಕೊಂಡಿರುತ್ತೇವೆ. ಓಗೊಡುವ ಹಾಡು ನಮ್ಮೆಲ್ಲರಲ್ಲಿಯೂ ಇರುವ ಈ ಸಾಮರ್ಥ್ಯವನ್ನು ತಾಳಕ್ಕೆ ಕಟ್ಟಿ ಹಲವರಿಗೆ ಹಂಚುವುದು, ಅಷ್ಟೆ.

ಕೊಡಲಿಗಳ ನಡುವೆ

ಏಕಕಾಲಿಕತೆ ಎಂಬುದು ಕೆಲಸದ ಪ್ರಮಾಣದ ಪ್ರಶ್ನೆ ಮಾತ್ರವೇ ಅಲ್ಲ. ಕೆಲವೆಡೆ ಅದು ಜೀವದ ಪ್ರಶ್ನೆ. ಅಮೆರಿಕದ ಮಿಸಿಸಿಪಿ ರಾಜ್ಯದ ಪಾರ್ಚ್‌ಮನ್ ಎಂಬಲ್ಲಿ ವಿಶಾಲವಾದ ಹೊಲಗಳನ್ನುಳ್ಳ ಸೆರೆಮನೆಯೊಂದಿದೆ. ಜನಪದ ಸಂಗೀತವನ್ನು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ 1947 ಮತ್ತು 1948ರಲ್ಲಿ ಅಲ್ಲಿಯ ಕರಿಯ ಜನಾಂಗದ ಕೈದಿಗಳ ಹಾಡುಗಳನ್ನು ಧ್ವನಿಮುದ್ರಿಸಿದನು. ಟೆಕ್ಸಸ್ ರಾಜ್ಯದ ಸೆರೆಮನೆಗಳಲ್ಲಿ 1960ರ ದಶಕದಲ್ಲಿ ಬ್ರೂಸ್ ಜಾಕ್ಸನ್ ಇದೇ ಕೆಲಸವನ್ನು ಮಾಡಿ 1972ರಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಬಂದವರು ತಂದ ಕರೆ–ಓಗೊಡುವ ಕ್ರಮವು, ಗುಲಾಮಗಿರಿ ಕೊನೆಗೊಂಡು ಎಂಬತ್ತು ತೊಂಬತ್ತು ವರ್ಷಗಳ ಅನಂತರವೂ ಆ ಗೋಡೆಗಳ ಒಳಗೆ ಉಳಿದುಕೊಂಡಿದ್ದಿತು.

ಒಂದು ದೊಡ್ಡ ಮರದ ಸುತ್ತ ಹಲವು ಜನ ಕೊಡಲಿ ಹಿಡಿದು ನಿಂತಿರುವುದನ್ನು ಕಲ್ಪಿಸಿಕೊಳ್ಳಿ. ಕೆಲವರ ಕೊಡಲಿಗಳು ಮರದಲ್ಲಿ ನೆಡುವಾಗ ಉಳಿದವರ ಕೊಡಲಿಗಳು ಮೇಲೆ ಎದ್ದಿರುವುವು. ಒಬ್ಬನು ತಾಳ ತಪ್ಪಿದರೂ ಪಕ್ಕದವನ ಕೈಯೋ ಕಾಲೋ ಹೋಗುವುದು. ಇಲ್ಲಿ ಹಾಡು ಅಲಂಕಾರವಲ್ಲ, ಕವಚ. ಇನ್ನೊಂದು ವಿಷಯವನ್ನೂ ಜಾಕ್ಸನ್ ಗಮನಿಸಿದನು. ಕಾವಲುಗಾರರ ಕಣ್ಣಿಗೆ ನಿಧಾನವಾಗಿ ದುಡಿಯುವವನು ಬಿದ್ದರೆ ಅವನಿಗೆ ಶಿಕ್ಷೆ ಕಾದಿರುತ್ತಿತ್ತು. ಎಲ್ಲರ ಕೊಡಲಿಯೂ ಹಾಡಿನ ತಾಳಕ್ಕೆ ಸಮನಾಗಿ ಏಳುತ್ತ ಬೀಳುತ್ತ ಇರುವಾಗ ನಿಧಾನಿ ಯಾರು, ದುರ್ಬಲನು ಯಾರು ಎಂದು ತಿಳಿಯುವುದೇ ಇಲ್ಲ. ಹಾಡನ್ನು ನಡೆಸುವವನು ಗಟ್ಟಿಗನ ವೇಗಕ್ಕಲ್ಲ, ಎಲ್ಲರೂ ತಾಳಬಲ್ಲ ವೇಗಕ್ಕೆ ಲಯವನ್ನು ಇಳಿಸುತ್ತಿದ್ದನು. ಹೀಗೆ ಮುದುಕನೂ ರೋಗಿಯೂ ಹಾಡಿನ ಮರೆಯಲ್ಲಿ ರಕ್ಷಣೆಯನ್ನು ಪಡೆಯುತ್ತಿದ್ದರು. ಒಳ್ಳೆಯ ಮುಂದಾಳು ಎಂದರೆ ಒಳ್ಳೆಯ ಕಂಠವುಳ್ಳವನೇ ಆಗಬೇಕಾಗಿರಲಿಲ್ಲ. ಗಟ್ಟಿಯಾದ ಧ್ವನಿಯೂ ತಪ್ಪದ ಲಯವೂ ಇದ್ದರೆ ಸಾಕಾಗಿತ್ತು.

ಗದ್ದೆಯ ಪಾಠಶಾಲೆ

ಇದುವರೆಗೆ ತೋಳಿನ ಬಲದ ಮಾತಾಯಿತು. ಈಗ ನೆನಪಿನ ಬಲವನ್ನು ನೋಡೋಣ.

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ತುಳು ನಾಡಿನಲ್ಲಿ ನೇಜಿ ನೆಡುವ ಹೆಂಗಸರು ಪಾಡ್ದನಗಳನ್ನು ಹಾಡುವರು. ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ಬಾಗಿ ನಿಂತು, ಸಸಿಗಳನ್ನು ಊರುತ್ತ ಹಿಂದುಹಿಂದಕ್ಕೆ ಹೆಜ್ಜೆಯಿಡುವಾಗ, ತಿಳಿದವಳೊಬ್ಬಳು ಒಂದು ಸಾಲನ್ನು ಹಾಡುವಳು. ಉಳಿದವರು ಅದನ್ನು ಮರಳಿ ಹಾಡುವರು. ಇಲ್ಲಿ ಹಗ್ಗವಿಲ್ಲ, ಕೊಡಲಿಯಿಲ್ಲ. ಒಂದೇ ಕ್ಷಣಕ್ಕೆ ಸಸಿ ಊರಲೇಬೇಕೆಂಬ ನಿರ್ಬಂಧವೂ ಇಲ್ಲ. ಆದರೂ ಓಗೊಡುವ ಕ್ರಮವಿದೆ. ಏಕೆ?

ಪಾಡ್ದನವೆಂದರೆ ಎರಡು ನುಡಿಯ ಹಾಡಲ್ಲ, ಉದ್ದವಾದ ಕಥನ. ಅಂತಹ ಕಥನ ಎಷ್ಟು ಉದ್ದವಾಗಬಲ್ಲುದೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೋ ಅವರು ನಮ್ಮ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ಸೇರಿ 1990ರಲ್ಲಿ ಗೋಪಾಲ ನಾಯ್ಕರೆಂಬ ತುಳು ಗಾಯಕರ ಬಾಯಿಂದ ಸಿರಿಯ ಕಥೆಯನ್ನು ದಾಖಲಿಸಿಕೊಂಡರು. 1998ರಲ್ಲಿ ಪ್ರಕಟವಾದ ಆ ಕಾವ್ಯದಲ್ಲಿ 15,683 ಸಾಲುಗಳಿವೆ. ಗ್ರೀಕ್ ಮಹಾಕವಿ ಹೋಮರನ ಇಲಿಯಡ್ ಕಾವ್ಯದಲ್ಲಿರುವುದು 15,693 ಸಾಲು. ಕಾಗದದ ಮೇಲೆ ಒಂದಕ್ಷರವನ್ನೂ ಬರೆದಿಡದೆ ಇಷ್ಟು ದೊಡ್ಡ ಕಾವ್ಯವು ತಲೆಮಾರುಗಳನ್ನು ದಾಟಿ ಬಂದುದಾದರೂ ಹೇಗೆ?

ನಮ್ಮ ಮನಸ್ಸಿನ ಮುಂಬಾಗಿಲು ಬಹಳ ಕಿರಿದು. ಒಂದು ಸಲಕ್ಕೆ ಏಳು ಅಂಶಗಳನ್ನು, ಹೆಚ್ಚೆಂದರೆ ಎರಡು ಕೂಡಿಸಿಯೋ ಕಳೆದೋ, ನೆನಪಿನಲ್ಲಿ ಹಿಡಿಯಬಲ್ಲೆವೆಂದು ಜಾರ್ಜ್ ಮಿಲ್ಲರ್ ಎಂಬ ಮನೋವಿಜ್ಞಾನಿ 1956ರಲ್ಲಿ ಬರೆದನು. ಆ ಸಂಖ್ಯೆ ನಾಲ್ಕರ ಹತ್ತಿರವೇ ಇರಬೇಕೆಂದು ಅನಂತರದ ಸಂಶೋಧಕರು ಹೇಳಿದ್ದಾರೆ. ಹಾಡುವ ಸಾಲನ್ನು ಹಾಡುತ್ತ, ಮುಂದಿನ ಸಾಲನ್ನು ನೆನೆಯುತ್ತ, ಕಥೆ ಎಲ್ಲಿಗೆ ಬಂದಿತೆಂಬುದನ್ನು ಗಮನಿಸುತ್ತ ಇರುವುದು ಒಬ್ಬಳ ಮನಸ್ಸಿಗೆ ಭಾರವಾದ ಕೆಲಸ. ಉಳಿದವರು ಸಾಲನ್ನು ಮರಳಿ ಹಾಡುವಷ್ಟು ಹೊತ್ತು ಆಕೆಯ ಬಾಯಿಗೆ ಬಿಡುವು, ಮನಸ್ಸಿಗೆ ಅವಕಾಶ. ಒಂದು ಸಾಲಿಗೆ ನಾಲ್ಕು ಸೆಕೆಂಡು ಹಿಡಿದರೆ, ಒಂದು ಗಂಟೆಯ ಹಾಡಿನಲ್ಲಿ ಅರ್ಧ ಗಂಟೆ ಆಕೆಗೆ ಉಸಿರಾಡಲು ಮತ್ತು ಮುಂದಿನ ಸಾಲನ್ನು ತಂದುಕೊಳ್ಳಲು ದೊರೆಯುವುದು. ಬಾಗಿ ದುಡಿಯುವವರಿಗೆ ಉಸಿರಿನ ಈ ಉಳಿತಾಯ ಚಿಕ್ಕದಲ್ಲ. ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಬೀಸುವ ಕಲ್ಲಿನ ಗೂಟವನ್ನು ಹಿಡಿದು ತಿರುಗಿಸುವಾಗ ಒಬ್ಬಳು ಎತ್ತಿದುದನ್ನು ಇನ್ನೊಬ್ಬಳು ಹಿಡಿಯುವುದರಲ್ಲಿಯೂ ಇದೇ ಅನುಕೂಲವಿದೆ.

ಓಗೊಡುವವರಿಗೆ ಆಗುವ ಲಾಭ ಇದಕ್ಕಿಂತಲೂ ದೊಡ್ಡದು. ಮೊದಲ ವರ್ಷ ಗದ್ದೆಗೆ ಇಳಿದ ಹುಡುಗಿಗೆ ಪಾಡ್ದನದ ಒಂದು ಸಾಲೂ ಬಾರದು. ಆದರೂ ಆಕೆ ಮೊದಲ ದಿನದಿಂದಲೇ ಹಾಡಬಲ್ಲಳು. ಏಕೆಂದರೆ ಹಾಡಬೇಕಾದ ಸಾಲು ಆಗತಾನೆ ಆಕೆಯ ಕಿವಿಗೆ ಬಿದ್ದಿದೆ. ತಪ್ಪಿದರೆ ಪಕ್ಕದವರ ಧ್ವನಿ ತಿದ್ದುವುದು. ಯಾರೂ ಬೈಯುವುದಿಲ್ಲ, ಯಾರೂ ನಗುವುದಿಲ್ಲ. ಕೇಳಿದುದನ್ನು ಒಡನೆಯೇ ತಾನೇ ಹೇಳಿನೋಡುವುದು, ಕಾಲಾಂತರದಲ್ಲಿ ಮತ್ತೆ ಮತ್ತೆ ಹೇಳುವುದು ಇವೆರಡೂ ಸುಮ್ಮನೆ ಕೇಳುವುದಕ್ಕಿಂತ ನೆನಪನ್ನು ಹೆಚ್ಚು ಗಟ್ಟಿಮಾಡುವುವೆಂದು ಇಂದಿನ ಮನೋವಿಜ್ಞಾನವೂ ಒಪ್ಪುವುದು. ಹತ್ತು ಮಳೆಗಾಲಗಳು ಕಳೆಯುವಷ್ಟರಲ್ಲಿ ಆ ಹುಡುಗಿಯೇ ಸಾಲನ್ನು ಎತ್ತಿಕೊಡುವವಳಾಗುವಳು. ಹಾಡುಗಾರ್ತಿಯೊಬ್ಬಳು ತೀರಿಕೊಂಡರೂ ಹಾಡು ತೀರುವುದಿಲ್ಲ, ಏಕೆಂದರೆ ಅದರ ಪ್ರತಿಯೊಂದು ಸಾಲೂ ಹತ್ತು ಬಾಯಿಗಳಲ್ಲಿ ಹಾದುಹೋಗಿದೆ. ಸೊಲ್ಲಿನ ಹಿಮ್ಮೇಳವೆಂಬುದು ಹೀಗೆ ಹಾಡುವವರ ಗುಂಪು ಮಾತ್ರವಲ್ಲ, ಹಾಡನ್ನು ಕಲಿಯುವವರ ಶಾಲೆಯೂ ಹೌದು.

ಒಂದಾಗುವ ಉಸಿರು

ಒಟ್ಟಿಗೆ ಹಾಡುವವರಿಗೆ ಮನಸ್ಸೂ ಒಂದಾದಂತೆ ತೋರುವುದೆಂಬುದು ಹಳೆಯ ಅನುಭವ. ಇದಕ್ಕೆ ಶರೀರದಲ್ಲಿ ಗುರುತುಗಳುಂಟೆ? ಸ್ವೀಡನ್ನಿನ ಗೊಟೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಯತವಾದ ಉಸಿರಿನ ಬಿಡುವುಗಳುಳ್ಳ ಹಾಡನ್ನು ಕೂಡಿ ಹಾಡುವವರ ಹೃದಯದ ಬಡಿತಗಳು ಒಟ್ಟಿಗೇ ಏರುತ್ತ ಒಟ್ಟಿಗೇ ಇಳಿಯುವುವು. ಇದರಲ್ಲಿ ಮಾಯೆಯೇನೂ ಇಲ್ಲ: ಉಸಿರನ್ನು ಒಳಗೆಳೆಯುವಾಗ ಹೃದಯದ ಬಡಿತ ತುಸು ಚುರುಕಾಗುವುದು, ಹೊರಬಿಡುವಾಗ ನಿಧಾನವಾಗುವುದು. ಹಾಡು ಉಸಿರುಗಳನ್ನು ಹೊಂದಿಸುವುದು, ಉಸಿರು ಹೃದಯಗಳನ್ನು ಹೊಂದಿಸುವುದು. ಆಕ್ಸ್‌ಫರ್ಡಿನ ದೋಣಿಸ್ಪರ್ಧಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಒಬ್ಬೊಬ್ಬರೇ ಹುಟ್ಟುಹಾಕುವ ಅಭ್ಯಾಸ ಮಾಡಿದಾಗಿಗಿಂತ ಒಟ್ಟಿಗೆ ಲಯಬದ್ಧವಾಗಿ ಮಾಡಿದ ಮೇಲೆ ಅವರು ಹೆಚ್ಚು ನೋವನ್ನು ತಾಳಬಲ್ಲವರಾಗಿದ್ದರು. ಇಂತಹ ಪ್ರಯೋಗಗಳಲ್ಲಿ ಪಾಲ್ಗೊಂಡವರ ಸಂಖ್ಯೆ ಚಿಕ್ಕದು. ಅವುಗಳಿಂದ ದೊಡ್ಡ ಸಿದ್ಧಾಂತಗಳನ್ನು ಕಟ್ಟುವುದು ತರವಲ್ಲ. ಆದರೆ ಕೆಲಸದ ದಣಿವು ಹಾಡಿನಿಂದ ಮರೆಯುವುದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಬರಿಯ ಮಾತೆಂದು ತಳ್ಳಿಹಾಕುವಂತಿಲ್ಲ.

ಓಗೊಡದ ಯಂತ್ರ

ಇಂದು ದಿಮ್ಮಿಯನ್ನು ಎತ್ತಲು ಕ್ರೇನು ಬಂದಿದೆ, ಹಿಟ್ಟಿಗೆ ಗಿರಣಿ ಬಂದಿದೆ, ನಾಟಿಗೂ ಯಂತ್ರ ಬಂದಿದೆ. ಇದನ್ನು ಕಂಡು ಮರುಗಬೇಕಾದುದಿಲ್ಲ. ಬೆಳಗಿನ ಜಾವ ಎದ್ದು ಬೀಸುತ್ತಿದ್ದ ಹೆಂಗಸಿನ ತೋಳುನೋವನ್ನಾಗಲಿ, ಸೆರೆಮನೆಯ ಹೊಲದಲ್ಲಿ ಚಾಟಿಯ ಭಯದಿಂದ ದುಡಿಯುತ್ತಿದ್ದವನ ಸಂಕಟವನ್ನಾಗಲಿ, ಹಾಡು ಉಳಿಯಲೆಂಬ ಕಾರಣಕ್ಕೆ ಮರಳಿ ಬಯಸುವುದು ಕ್ರೌರ್ಯವೇ ಸರಿ. ಆದರೆ ದುಡಿಮೆಯೊಡನೆ ಹೋದುದೇನೆಂಬುದನ್ನಾದರೂ ನಾವು ಸರಿಯಾಗಿ ತಿಳಿದಿರಬೇಕು.

ಗದ್ದೆಯ ಬದುವಿನ ಮೇಲೆ ರೇಡಿಯೋ ಇಟ್ಟು ಹಾಡನ್ನು ಹಾಕಿದರೆ ದುಡಿಯುವವರಿಗೆ ಬೇಸರ ಕಳೆಯಬಹುದು. ಆದರೆ ರೇಡಿಯೋ ಕೇಳಿಸಿಕೊಳ್ಳುವುದಿಲ್ಲ. ಸಾಲಿನ ಕೊನೆಯಲ್ಲಿರುವ ಮುದುಕಿ ದಣಿದಳೆಂದು ಅದಕ್ಕೆ ತಿಳಿಯದು. ಸಾಲನ್ನು ಎತ್ತಿಕೊಡುವ ಹೆಂಗಸಿಗೆ ತಿಳಿಯುವುದು, ಏಕೆಂದರೆ ಓಗೊಡುವ ಧ್ವನಿಗಳಲ್ಲಿ ಒಂದು ಕ್ಷೀಣವಾದುದು ಆಕೆಯ ಕಿವಿಗೆ ಬೀಳುವುದು. ಆಗ ಆಕೆ ಲಯವನ್ನು ತುಸು ಇಳಿಸುವಳು, ಇಲ್ಲವೆ ಒಂದು ನಗೆಯ ಸಾಲನ್ನು ಸೇರಿಸುವಳು. ಉಗಿಯಂತ್ರದ ವೇಗ ಹೆಚ್ಚಿದಾಗ ಅದೇ ವೇಗವನ್ನು ಬಳಸಿಕೊಂಡು ಉಗಿಯ ಹರಿವನ್ನು ತಗ್ಗಿಸುವ ನಿಯಂತ್ರಕವೊಂದು ಅದರಲ್ಲಿರುವುದೆಂದು ನೀವು ಓದಿರಬಹುದು. ಫಲವು ಹಿಂದಿರುಗಿ ಬಂದು ಕಾರಣವನ್ನು ತಿದ್ದುವ ಆ ಏರ್ಪಾಟೇ ಇಲ್ಲಿಯೂ ಇದೆ. ಓಗೊಡುವ ಹಾಡಿನಲ್ಲಿ ಕರೆಯುವವನೂ ಓಗೊಡುವವರ ಅಧೀನ.

ಇಂತಹ ಹಾಡುಗಳನ್ನು ಬರೆದಿಡುವ ಕೆಲಸವು ನಮ್ಮಲ್ಲಿ ಬಹಳ ನಡೆದಿದೆ. ಆದರೆ ಅಚ್ಚಿನ ಪುಸ್ತಕದಲ್ಲಿ ಸೊಲ್ಲನ್ನು ಒಂದು ಸಲ ಕೊಟ್ಟು ಬಿಡುವುದು, ಮರಳಿ ಹಾಡಿದ ಸಾಲುಗಳನ್ನು ಜಾಗ ಉಳಿಸಲೆಂದು ತೆಗೆದುಹಾಕುವುದು ವಾಡಿಕೆ. ಓದುವವರಿಗೆ ಅದು ಅನುಕೂಲವೇ. ಆದರೆ ಅದರಿಂದ ಮುಂದಾಳಿನ ಧ್ವನಿ ಉಳಿದು ಹಿಮ್ಮೇಳ ಅಳಿಯುವುದು. ಹಾಡಿನ ಕಥೆ ಉಳಿದು, ಆ ಕಥೆಯನ್ನು ಶತಮಾನಗಳ ಕಾಲ ಉಳಿಸಿದ ಯಂತ್ರವೇ ಮರೆಯಾಗುವುದು.

ಆದುದರಿಂದ ರಜೆಯಲ್ಲಿ ಊರಿಗೆ ಹೋದಾಗ ವಿದ್ಯಾರ್ಥಿಗಳು ಒಂದು ಸಣ್ಣ ಕೆಲಸವನ್ನು ಮಾಡಬಹುದು. ಮನೆಯ ಅಥವಾ ನೆರೆಮನೆಯ ಹಿರಿಯರಲ್ಲಿ ಹಾಡು ಬಲ್ಲವರಿದ್ದರೆ ಅವರ ಹಾಡನ್ನು ಬರೆದುಕೊಳ್ಳಿ. ಧ್ವನಿಮುದ್ರಿಸುವ ಸಾಧನವಿದ್ದರೆ ಅವರ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳಿ. ಬರೆಯುವಾಗ ಮಾತುಗಳನ್ನು ಮಾತ್ರ ಬರೆಯಬೇಡಿ. ಯಾವ ಸಾಲು ಒಬ್ಬರದು, ಯಾವುದು ಹಲವರದು, ಎಲ್ಲಿ ಉಸಿರು ಎಳೆದರು, ಹಾಡುವಾಗ ಕೈ ಏನು ಮಾಡುತ್ತಿದ್ದಿತು ಎಂಬುದನ್ನೂ ಗುರುತಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಒಂದು ಸಾಲನ್ನು ಹಾಡಿ ನಿಲ್ಲಿಸಿದಾಗ ಲೇಖನಿಯನ್ನು ಕೆಳಗಿಟ್ಟು ಅದನ್ನು ಮರಳಿ ಹಾಡಿ. ಎಷ್ಟೋ ವರ್ಷಗಳಿಂದ ಓಗೊಡುವವರಿಲ್ಲದೆ ಸುಮ್ಮನಿದ್ದ ಕಂಠಕ್ಕೆ ಮುಂದಿನ ಸಾಲು ತಾನಾಗಿಯೇ ನೆನಪಾದರೆ ಆಶ್ಚರ್ಯವಿಲ್ಲ.